ಲಂಡನ್–ಸಿಡ್ನಿ ವಿಮಾನಮಾರ್ಗ: ದೂರ ಮತ್ತು ಕಾಲಗಳ ಇತಿಹಾಸ

೧. ಪೀಠಿಕೆ

ಎರಡು ನಗರಗಳ ನಡುವಣ ದೂರವು ಭೂಗೋಳಶಾಸ್ತ್ರಕ್ಕೆ ಸೇರಿದ ವಿಷಯವೆಂದೂ, ಆ ದೂರವನ್ನು ಕ್ರಮಿಸಲು ಹಿಡಿಯುವ ಕಾಲವು ಯಂತ್ರಶಾಸ್ತ್ರಕ್ಕೆ ಸೇರಿದ ವಿಷಯವೆಂದೂ ಸಾಮಾನ್ಯವಾಗಿ ಭಾವಿಸುವುದುಂಟು. ಇತಿಹಾಸಕಾರನಿಗೆ ಇಲ್ಲಿ ಹೆಚ್ಚಿನ ಕೆಲಸವಿಲ್ಲವೆಂಬ ಅಭಿಪ್ರಾಯವೂ ಅದರ ಬೆನ್ನಿಗೇ ಬರುತ್ತದೆ. ಈ ಅಭಿಪ್ರಾಯ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಒಂದು ನಿರ್ದಿಷ್ಟ ನಿದರ್ಶನದ ಮೂಲಕ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಾವು ಆರಿಸಿಕೊಂಡಿರುವ ನಿದರ್ಶನ ಲಂಡನ್ ಮತ್ತು ಸಿಡ್ನಿ ನಗರಗಳದು. ಈ ಎರಡು ನಗರಗಳ ನಡುವೆ ಭೂಮಿಯ ಮೇಲ್ಮೈಯನ್ನನುಸರಿಸಿ ಎಳೆಯಬಹುದಾದ ಅತಿ ಕಿರಿದಾದ ರೇಖೆ, ಎಂದರೆ ಮಹಾವೃತ್ತದ ರೇಖೆ, ಸುಮಾರು ೧೭,೦೦೦ ಕಿಲೋಮೀಟರು ಉದ್ದವಾಗಿದೆ. ಭೂಮಿಯ ಮೇಲಿನ ಯಾವುದೇ ಎರಡು ಸ್ಥಳಗಳ ನಡುವೆ ಇರಬಹುದಾದ ಪರಮಾವಧಿ ದೂರ ಸುಮಾರು ೨೦,೦೦೦ ಕಿಲೋಮೀಟರು. ಆದುದರಿಂದ ಇವು ನೂರಕ್ಕೆ ಎಂಬತ್ತೈದು ಪಾಲು ಪರಸ್ಪರ ವಿರುದ್ಧ ದಿಕ್ಕುಗಳಲ್ಲಿರುವ ನಗರಗಳೆಂದು ಹೇಳಿದರೆ ತಪ್ಪಾಗಲಾರದು.

ಈ ದೂರವು ಆಸ್ಟ್ರೇಲಿಯಾದ ಇತಿಹಾಸವನ್ನು ರೂಪಿಸಿದ ಬಗೆಯನ್ನು ವಿದ್ವಾಂಸರು ಹಿಂದೆಯೇ ಗುರುತಿಸಿದ್ದಾರೆ. ಜೆಫ್ರಿ ಬ್ಲೇನಿಯವರು ೧೯೬೬ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ‘ದ ಟಿರನಿ ಆಫ್ ಡಿಸ್ಟನ್ಸ್’, ಅಂದರೆ ದೂರದ ದಬ್ಬಾಳಿಕೆ, ಎಂದೇ ಹೆಸರಿಟ್ಟರು. ಗಡೀಪಾರಾದ ಕೈದಿಗಳನ್ನು ಹೊತ್ತ ಮೊದಲ ನೌಕಾಸಮೂಹ ೧೭೮೭ರ ಮೇ ೧೩ರಂದು ಪೋರ್ಟ್ಸ್‌ಮತ್ ಬಂದರನ್ನು ಬಿಟ್ಟು ಬಾಟನಿ ಬೇ ತಲಪಿದ್ದು ೧೭೮೮ರ ಜನವರಿಯಲ್ಲಿ. ಎಂಟು ತಿಂಗಳಿಗೂ ಮಿಕ್ಕಿದ ಪ್ರಯಾಣ. ಒಂದು ಶತಮಾನದ ಬಳಿಕ, ೧೮೮೫ರಲ್ಲಿ, ‘ಕಟ್ಟಿ ಸಾರ್ಕ್’ ಎಂಬ ಹಾಯಿಹಡಗು ಸಿಡ್ನಿಯಿಂದ ಇಂಗ್ಲೆಂಡಿಗೆ ೭೩ ದಿನಗಳಲ್ಲಿ ಬಂದುದು ಅಂದಿನ ಕಾಲಕ್ಕೆ ಆಶ್ಚರ್ಯದ ಸಂಗತಿಯಾಗಿತ್ತು. ಈ ಎರಡು ಸಂಖ್ಯೆಗಳನ್ನು ಹಿನ್ನೆಲೆಯಾಗಿಟ್ಟುಕೊಂಡು ನಾವು ವಿಮಾನಯುಗಕ್ಕೆ ಬರಬಹುದು.

೨. ಪ್ರಥಮ ಯಾನ: ೧೯೧೯

ಮೊದಲನೆಯ ಮಹಾಯುದ್ಧ ಮುಗಿದ ಮರುವರ್ಷ, ೧೯೧೯ರ ಮಾರ್ಚಿಯಲ್ಲಿ, ಆಸ್ಟ್ರೇಲಿಯಾದ ಸರ್ಕಾರವು ೧೦,೦೦೦ ಪೌಂಡುಗಳ ಬಹುಮಾನವೊಂದನ್ನು ಘೋಷಿಸಿತು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ೩೦ ದಿನಗಳೊಳಗಾಗಿ, ಎಂದರೆ ೭೨೦ ಗಂಟೆಗಳೊಳಗಾಗಿ, ವಿಮಾನದಲ್ಲಿ ಬರುವ ಆಸ್ಟ್ರೇಲಿಯನ್ನರಿಗೆ ಈ ಬಹುಮಾನ ಸಲ್ಲತಕ್ಕದ್ದಾಗಿತ್ತು. ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್ ಎಂಬ ಸೋದರರು, ಬೆನೆಟ್ ಮತ್ತು ಶಿಯರ್ಸ್ ಎಂಬ ಇಬ್ಬರು ಯಂತ್ರಜ್ಞರೊಡನೆ, ‘ವಿಕರ್ಸ್ ವಿಮಿ’ ಎಂಬ ಎರಡು ಎಂಜಿನುಗಳ ವಿಮಾನದಲ್ಲಿ ೧೯೧೯ರ ನವೆಂಬರ್ ೧೨ರಂದು ಲಂಡನ್ ಸಮೀಪದ ಹೌನ್‌ಸ್ಲೋದಿಂದ ಹೊರಟು ಡಿಸೆಂಬರ್ ೧೦ರಂದು ಡಾರ್ವಿನ್ನಿನಲ್ಲಿ ಇಳಿದರು. ಅವರ ಮಾರ್ಗ ಕರಾಚಿ, ದೆಹಲಿ, ಅಲಹಾಬಾದ್, ಕಲ್ಕತ್ತ, ಆಕ್ಯಾಬ್, ರಂಗೂನ್, ಸಿಂಗಪುರಗಳ ಮೂಲಕ ಹಾದುಹೋಗಿತ್ತು. ಈ ಸಾಹಸಕ್ಕೆ ತೆತ್ತ ಬೆಲೆಯೂ ಅಲ್ಪವಲ್ಲ. ಅದೇ ಸ್ಪರ್ಧೆಯಲ್ಲಿ ಒಂದು ವಿಮಾನ ಹೊರಟ ಕೆಲವೇ ನಿಮಿಷಗಳಲ್ಲಿ ಲಂಡನ್ನಿನ ಹೊರವಲಯದಲ್ಲಿಯೂ, ಮತ್ತೊಂದು ಕಾರ್ಫು ದ್ವೀಪದ ಬಳಿಯ ಸಮುದ್ರದಲ್ಲಿಯೂ ಬಿದ್ದು ನಾಲ್ವರು ಪ್ರಾಣ ಕಳೆದುಕೊಂಡರು. ಗೆದ್ದವರಲ್ಲಿ ರಾಸ್ ಸ್ಮಿತ್ ಮತ್ತು ಬೆನೆಟ್ ಇಬ್ಬರೂ ೧೯೨೨ರಲ್ಲಿ ಮತ್ತೊಂದು ವಿಮಾನದ ಪರೀಕ್ಷೆಯ ವೇಳೆಯಲ್ಲಿ ಮೃತರಾದರು.

ಈ ಯಾನದ ವೃತ್ತಾಂತಗಳು ಚಾಲಕರ ಧೈರ್ಯವನ್ನು ಯಥಾರ್ಥವಾಗಿಯೇ ಕೊಂಡಾಡುತ್ತವೆ. ಆದರೆ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸಿದಲ್ಲಿ ಬೇರೊಂದು ವಿಷಯ ಗೋಚರಿಸುತ್ತದೆ. ಸ್ಮಿತ್ ಸೋದರರು ಹಾರಿದ ದೂರ ೧೭,೯೧೧ ಕಿಲೋಮೀಟರು. ಗಗನದಲ್ಲಿದ್ದ ಅವಧಿ ಸುಮಾರು ೧೩೫ ಗಂಟೆ. ಒಟ್ಟು ಪ್ರಯಾಣದ ಅವಧಿಯಾದರೋ ೨೮ ದಿನಗಳಿಗೆ ಕೊಂಚ ಕಡಿಮೆ, ಎಂದರೆ ಸುಮಾರು ೬೬೮ ಗಂಟೆ. ಒಟ್ಟು ಕಾಲದ ಐದನೆಯ ಒಂದು ಪಾಲನ್ನು ಮಾತ್ರ ವಿಮಾನವು ಆಕಾಶದಲ್ಲಿ ಕಳೆಯಿತು. ಉಳಿದ ನಾಲ್ಕು ಪಾಲು ನೆಲದ ಮೇಲೆಯೇ ಕಳೆಯಿತು. ಪೆಟ್ರೋಲಿಗಾಗಿ, ದುರಸ್ತಿಗಾಗಿ, ಬೆಳಕಿಗಾಗಿ, ಮಳೆ ನಿಲ್ಲುವುದಕ್ಕಾಗಿ ಕಾದ ಕಾಲವದು. ಇನ್ನೊಂದು ಸಂಗತಿ: ಲಂಡನ್ನಿನಿಂದ ಡಾರ್ವಿನ್ನಿಗೆ ಮಹಾವೃತ್ತದ ರೇಖೆಯಲ್ಲಿ ದೂರ ೧೪,೦೦೦ ಕಿಲೋಮೀಟರಿಗಿಂತಲೂ ಕಡಿಮೆ. ಅವರು ಅದಕ್ಕಿಂತ ೪,೦೦೦ ಕಿಲೋಮೀಟರಿನಷ್ಟು ಹೆಚ್ಚು ಸುತ್ತಿದರು. ಇಳಿಯುವುದಕ್ಕೆ ನೆಲವಿರುವ ಕಡೆಗೆ ದಾರಿ ಬಾಗಬೇಕಾಗಿತ್ತು.

ಆ ನೆಲವನ್ನು ಸಿದ್ಧಪಡಿಸಿದವರಾರು? ಈ ಪ್ರಶ್ನೆಗೆ ಉತ್ತರ ಮಾರ್ಗದುದ್ದಕ್ಕೂ ಹರಡಿಕೊಂಡಿದೆ. ರಾಸ್ ಸ್ಮಿತ್ ೧೯೧೮ರಲ್ಲಿಯೇ ಕೈರೋದಿಂದ ಕಲ್ಕತ್ತಕ್ಕೆ ವಿಮಾನದಲ್ಲಿ ಬಂದಿದ್ದುದರಿಂದ ಅರ್ಧ ದಾರಿ ಅವನಿಗೆ ಪರಿಚಿತವಾಗಿತ್ತು. ಡಚ್ಚರ ಅಧೀನದಲ್ಲಿದ್ದ ದ್ವೀಪಗಳಲ್ಲಿ ಅಲ್ಲಿಯ ಸರ್ಕಾರ ಮೈದಾನಗಳನ್ನು ಒದಗಿಸಿತ್ತು. ಜಾವಾದ ಸುರಬಯದಲ್ಲಿ ವಿಮಾನದ ಚಕ್ರಗಳು ಕೆಸರಿನಲ್ಲಿ ಹೂತುಹೋದಾಗ, ಸುತ್ತಣ ಮನೆಗಳಿಂದ ಬಿದಿರಿನ ಚಾಪೆಗಳನ್ನು ತರಿಸಿ ಹಾಸಿ, ಆ ಹಾಸಿನ ಮೇಲೆ ವಿಮಾನವನ್ನು ಓಡಿಸಿ ಮೇಲಕ್ಕೇರಿಸಬೇಕಾಯಿತು. ಆ ಚಾಪೆಗಳನ್ನು ಹೊತ್ತು ತಂದವರ ಹೆಸರುಗಳು ಬಹುಮಾನದ ಪಟ್ಟಿಯಲ್ಲಿ ಕಾಣುವುದಿಲ್ಲ. ಆದರೆ ಅವರಿಲ್ಲದೆ ೨೮ ದಿನಗಳೆಂಬ ದಾಖಲೆಯೂ ಇರುತ್ತಿರಲಿಲ್ಲ. ಆಸ್ಟ್ರೇಲಿಯಾದ ಉತ್ತರಭಾಗದಲ್ಲಿ ಇಳಿದಾಣಗಳನ್ನು ಗುರುತಿಸುವ ಕಾರ್ಯವನ್ನು ಮೆಗಿನೆಸ್ ಮತ್ತು ಹಡ್ಸನ್ ಫಿಶ್ ಎಂಬ ಇಬ್ಬರಿಗೆ ವಹಿಸಲಾಗಿತ್ತು. ಅವರು ಮೋಟಾರು ಕಾರಿನಲ್ಲಿ ದಾರಿಯಿಲ್ಲದ ಪ್ರದೇಶವನ್ನು ದಾಟಿ ಆ ಕೆಲಸವನ್ನು ಪೂರೈಸಿದರು. ಇದೇ ಇಬ್ಬರು ಮರುವರ್ಷ, ೧೯೨೦ರ ನವೆಂಬರಿನಲ್ಲಿ, ಕ್ವಾಂಟಾಸ್ ಸಂಸ್ಥೆಯ ಸ್ಥಾಪಕರಲ್ಲಿ ಸೇರಿದರೆಂಬುದು ಗಮನಾರ್ಹ. ಮುಂದೆ ಲಂಡನ್–ಸಿಡ್ನಿ ಮಾರ್ಗದ ಮುಖ್ಯ ಸಂಸ್ಥೆಯಾಗಿ ಬೆಳೆದ ಕ್ವಾಂಟಾಸಿನ ಮೂಲ ಒಂದು ಹಾರಾಟದಲ್ಲಿಲ್ಲ, ಒಂದು ನೆಲಮೋಜಣಿಯಲ್ಲಿದೆ.

೩. ಅನುಮತಿ, ಅಂಚೆ ಮತ್ತು ತಂಗುದಾಣ: ೧೯೨೯–೧೯೩೯

ಒಂಟಿ ಸಾಹಸಗಳು ಬಹುಬೇಗ ಕಾಲವನ್ನು ಕುಗ್ಗಿಸಿದವು. ೧೯೨೮ರ ಫೆಬ್ರುವರಿಯಲ್ಲಿ ಬರ್ಟ್ ಹಿಂಕ್ಲರ್ ಒಬ್ಬನೇ ಹದಿನೈದೂವರೆ ದಿನಗಳಲ್ಲಿ ಡಾರ್ವಿನ್ ತಲಪಿದನು. ೧೯೩೦ರ ಮೇ ತಿಂಗಳಲ್ಲಿ ಏಮಿ ಜಾನ್ಸನ್ ಎಂಬಾಕೆ ಏಕಾಕಿನಿಯಾಗಿ ಇದೇ ದಾರಿಯನ್ನು ಹತ್ತೊಂಬತ್ತೂವರೆ ದಿನಗಳಲ್ಲಿ ಕ್ರಮಿಸಿದಳು. ೧೯೩೪ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಿಂದ ಮೆಲ್ಬರ್ನಿಗೆ ಏರ್ಪಟ್ಟ ಪಂದ್ಯದಲ್ಲಿ ಸ್ಕಾಟ್ ಮತ್ತು ಕ್ಯಾಂಬೆಲ್ ಬ್ಲಾಕ್ ಎಂಬುವರು ೭೧ ಗಂಟೆಗಳಲ್ಲಿ ಗುರಿ ಮುಟ್ಟಿದರು. ಆ ಪಂದ್ಯದ ಐದು ಕಡ್ಡಾಯ ತಂಗುದಾಣಗಳಲ್ಲಿ ಅಲಹಾಬಾದೂ ಒಂದು. ಆದರೆ ಪಂದ್ಯದ ಕಾಲ ಬೇರೆ, ಪ್ರಯಾಣಿಕನ ಕಾಲ ಬೇರೆ. ಸಾಮಾಜಿಕ ಇತಿಹಾಸಕ್ಕೆ ಹೆಚ್ಚು ಸಂಬಂಧಿಸಿದುದು ಎರಡನೆಯದೇ.

ಪ್ರಯಾಣಿಕರನ್ನೂ ಅಂಚೆಯನ್ನೂ ಹೊತ್ತ ಕ್ರಮಬದ್ಧ ಸೇವೆಯನ್ನು ಇಂಪೀರಿಯಲ್ ಏರ್‌ವೇಸ್ ಸಂಸ್ಥೆ ಲಂಡನ್ನಿನಿಂದ ಕರಾಚಿಯವರೆಗೆ ೧೯೨೯ರ ಮಾರ್ಚ್ ೩೦ರಂದು ಆರಂಭಿಸಿತು. ಅದು ಏಳು ದಿನಗಳ ಪ್ರಯಾಣ. ವಿಮಾನಯಾನವೆಂದು ಹೆಸರಿದ್ದರೂ ಬಾಸೆಲ್‌ನಿಂದ ಜಿನೋವಾವರೆಗೆ ಪ್ರಯಾಣಿಕನು ರೈಲಿನಲ್ಲಿ ಹೋಗಬೇಕಾಗಿತ್ತು. ಆಲ್ಪ್ಸ್ ಪರ್ವತಗಳು ಒಂದು ಕಡೆ, ಇಟಲಿಯ ಸರ್ಕಾರದ ಅನುಮತಿಯ ತೊಡಕು ಇನ್ನೊಂದು ಕಡೆ ಅಡ್ಡವಾಗಿದ್ದುವು. ಪೂರ್ವದ ಭಾಗದಲ್ಲಿ ಪರ್ಷಿಯಾ ದೇಶದ ಕರಾವಳಿಯ ಮೇಲೆ ಹಾರುವ ಹಕ್ಕು ೧೯೩೨ರಲ್ಲಿ ಮುಂದುವರಿಯಲಿಲ್ಲ. ತತ್ಪರಿಣಾಮವಾಗಿ ಮಾರ್ಗವನ್ನು ಕೊಲ್ಲಿಯ ಆಚೆಯ ಅರೇಬಿಯಾ ದಡಕ್ಕೆ ವರ್ಗಾಯಿಸಬೇಕಾಯಿತು; ಶಾರ್ಜಾದಲ್ಲಿ ವಿಮಾನನಿಲ್ದಾಣ ಹುಟ್ಟಿದ್ದು ಹೀಗೆ. ಯಂತ್ರದಲ್ಲಿ ಯಾವ ಬದಲಾವಣೆಯೂ ಆಗದಿದ್ದರೂ ಒಂದು ಸರ್ಕಾರದ ನಿರ್ಧಾರದಿಂದ ಮಾರ್ಗ ಬದಲಾಗಬಲ್ಲದೆಂಬುದಕ್ಕೆ ಇದು ಸ್ಪಷ್ಟವಾದ ಉದಾಹರಣೆ.

ಈ ಕಾಲದ ಒಂದು ಶಾಖೆ ಇಂದಿನ ಕರ್ನಾಟಕವನ್ನು ಸ್ಪರ್ಶಿಸಿದುದನ್ನು ಇಲ್ಲಿ ಹೇಳಬೇಕು. ಇಂಪೀರಿಯಲ್ ಏರ್‌ವೇಸ್ ಕರಾಚಿಗೆ ತಂದ ಅಂಚೆಯನ್ನು ದಕ್ಷಿಣಕ್ಕೆ ಒಯ್ಯುವ ಸೇವೆಯನ್ನು ಟಾಟಾ ಸಂಸ್ಥೆ ೧೯೩೨ರ ಅಕ್ಟೋಬರ್ ೧೫ರಂದು ಪ್ರಾರಂಭಿಸಿತು. ಜೆ. ಆರ್. ಡಿ. ಟಾಟಾ ಅವರು ‘ಪಸ್ ಮಾತ್’ ಎಂಬ ಸಣ್ಣ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಅಂಚೆಯನ್ನು ತಂದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಬೇಕಾದ ಪೆಟ್ರೋಲಿನ ಡಬ್ಬಗಳು ಬಂದುದು ಎತ್ತಿನ ಗಾಡಿಯಲ್ಲಿ. ಮುಂಬಯಿಯಿಂದ ನೆವಿಲ್ ವಿನ್ಸೆಂಟ್ ಅದೇ ಅಂಚೆಯನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಮುಟ್ಟಿಸಿದರು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ, ಹೀಗೆ, ಲಂಡನ್ನಿನಿಂದ ಹೊರಟ ಕಾಗದ ಮದರಾಸನ್ನು ಸೇರುವ ದಾರಿಯಲ್ಲಿ ಒಂದು ಕೊಂಡಿಯಾಯಿತು. ಮುಂದೆ ಈ ತಂಗುದಾಣ ಬಳ್ಳಾರಿಯಿಂದ ಹೈದರಾಬಾದಿಗೆ ವರ್ಗವಾಯಿತು. ಒಂದು ಊರು ವಿಮಾನದ ದಾರಿಗೆ ಬರುವುದೂ ದಾರಿಯಿಂದ ತಪ್ಪುವುದೂ ಆ ಊರಿನ ಭೌಗೋಳಿಕ ಸ್ಥಾನದಿಂದ ಮಾತ್ರ ನಿರ್ಣಯವಾಗುವುದಿಲ್ಲವೆಂಬ ನಮ್ಮ ವಾದಕ್ಕೆ ಇದೂ ಪುಷ್ಟಿ ಕೊಡುತ್ತದೆ.

ಮುಖ್ಯ ಮಾರ್ಗವು ೧೯೩೩ರ ಜುಲೈಯಲ್ಲಿ ಕಲ್ಕತ್ತಕ್ಕೂ ಅದೇ ವರ್ಷದ ಕೊನೆಗೆ ಸಿಂಗಪುರಕ್ಕೂ ವಿಸ್ತರಿಸಿತು. ೧೯೩೫ರ ಏಪ್ರಿಲಿನಿಂದ ಪ್ರಯಾಣಿಕರು ಲಂಡನ್ನಿನಿಂದ ಬ್ರಿಸ್ಬೇನಿಗೆ ಹನ್ನೆರಡೂವರೆ ದಿನಗಳಲ್ಲಿ ಹೋಗಬಹುದಾಯಿತು. ೧೯೩೮ರಲ್ಲಿ ನೀರಿನ ಮೇಲೆ ಇಳಿಯುವ ದೊಡ್ಡ ಜಲವಿಮಾನಗಳು ಸೌತಾಂಪ್ಟನ್ನಿನಿಂದ ನೇರವಾಗಿ ಸಿಡ್ನಿಯ ಬಂದರಿಗೆ ಬರತೊಡಗಿದುವು. ಕಾಲ ಸುಮಾರು ಹತ್ತು ದಿನಗಳಿಗೆ ಇಳಿಯಿತು. ಈ ವಿಮಾನಗಳಿಗೆ ಮೈದಾನ ಬೇಕಿರಲಿಲ್ಲ, ವಿಶಾಲವಾದ ಜಲರಾಶಿ ಬೇಕಾಗಿತ್ತು. ಭಾರತದಲ್ಲಿ ಅವು ಇಳಿದ ಸ್ಥಳಗಳಲ್ಲಿ ಮೇವಾಡದ ರಾಜಸಮಂದ ಸರೋವರವೂ ಸೇರಿತ್ತು. ಹದಿನೇಳನೆಯ ಶತಮಾನದಲ್ಲಿ ಮಹಾರಾಣಾ ರಾಜಸಿಂಹನು ಕಟ್ಟಿಸಿದ ಈ ಕೆರೆಯ ಏರಿಯ ಮೇಲೆ ‘ರಾಜಪ್ರಶಸ್ತಿ’ ಎಂಬ ಸಂಸ್ಕೃತ ಕಾವ್ಯವನ್ನು ಇಪ್ಪತ್ತೈದು ಶಿಲಾಫಲಕಗಳಲ್ಲಿ ಕೆತ್ತಲಾಗಿದೆ; ಶಾಸನಾಭ್ಯಾಸಿಗಳಿಗೆ ಇದು ಸುಪರಿಚಿತ. ಆ ಶಾಸನಗಳ ಮುಂದಿನ ನೀರಿನ ಮೇಲೆ ಇಂಗ್ಲೆಂಡ್–ಆಸ್ಟ್ರೇಲಿಯಾ ವಿಮಾನ ಇಳಿಯುತ್ತಿದ್ದುದು, ಹೊಸ ಯುಗದ ಮಾರ್ಗಗಳು ಹಳೆಯ ಯುಗದ ನಿರ್ಮಾಣಗಳನ್ನು ಹೇಗೆ ಆಶ್ರಯಿಸುತ್ತವೆಂಬುದನ್ನು ತೋರಿಸುತ್ತದೆ.

೪. ಯುದ್ಧ ಮತ್ತು ಮಾರ್ಗಭಂಗ: ೧೯೪೦–೧೯೪೭

ಇಷ್ಟು ಶ್ರಮದಿಂದ ಹೆಣೆದ ಸರಪಳಿ ಎರಡೇ ವರ್ಷಗಳಲ್ಲಿ ತುಂಡಾಯಿತು. ೧೯೪೦ರ ಜೂನಿನಲ್ಲಿ ಇಟಲಿ ಯುದ್ಧಕ್ಕಿಳಿದುದರಿಂದ ಮೆಡಿಟರೇನಿಯನ್ ಸಮುದ್ರದ ದಾರಿ ಮುಚ್ಚಿತು. ೧೯೪೨ರ ಫೆಬ್ರುವರಿ ೧೫ರಂದು ಸಿಂಗಪುರ ಜಪಾನೀಯರ ವಶವಾದುದರಿಂದ ಪೂರ್ವದ ದಾರಿಯೂ ಮುಚ್ಚಿತು. ಭೂಪಟದಲ್ಲಿ ಲಂಡನ್–ಸಿಡ್ನಿಗಳ ದೂರ ಒಂದು ಗೇಣೂ ಬದಲಾಗಲಿಲ್ಲ. ಆದರೂ ಅವೆರಡೂ ಮತ್ತೆ ಒಂದಕ್ಕೊಂದು ದೂರದ ಊರುಗಳಾದುವು.

ಇದಕ್ಕೆ ಪರಿಹಾರವಾಗಿ ೧೯೪೩ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಿಂದ ಸಿಂಹಳದ ಕೊಗ್ಗಲ ಸರೋವರಕ್ಕೆ ಹಿಂದೂ ಮಹಾಸಾಗರವನ್ನು ಒಂದೇ ನೆಗೆತದಲ್ಲಿ ದಾಟುವ ಸೇವೆ ಏರ್ಪಟ್ಟಿತು. ಕ್ಯಾಟಲಿನಾ ಎಂಬ ಜಲವಿಮಾನಗಳು ೨೭ರಿಂದ ೩೩ ಗಂಟೆಗಳ ಕಾಲ ಎಲ್ಲಿಯೂ ಇಳಿಯದೆ ಹಾರಬೇಕಾಗಿತ್ತು. ಶತ್ರುವಿಗೆ ಸುಳಿವು ಸಿಗಬಾರದೆಂದು ರೇಡಿಯೋ ಮೌನವಾಗಿರುತ್ತಿತ್ತು; ನಕ್ಷತ್ರಗಳನ್ನು ನೋಡಿ ದಿಕ್ಕನ್ನು ನಿಶ್ಚಯಿಸಬೇಕಾಗಿತ್ತು. ಒಂದೇ ಯಾನದಲ್ಲಿ ಎರಡು ಸೂರ್ಯೋದಯಗಳು ಕಾಣುತ್ತಿದ್ದುದರಿಂದ ಇವು ‘ಇಮ್ಮಡಿ ಸೂರ್ಯೋದಯ’ದ ಯಾನಗಳೆಂದು ಹೆಸರಾದುವು. ಆದರೆ ವಿಮಾನದ ಬಹುಭಾಗ ಪೆಟ್ರೋಲಿನಿಂದಲೇ ತುಂಬಿರುತ್ತಿತ್ತು. ಪ್ರಯಾಣಿಕರಿಗೆ ಇದ್ದ ಸ್ಥಳ ಮೂವರಿಗೆ ಮಾತ್ರ. ಅದರ ಜೊತೆಗೆ ಸ್ವಲ್ಪ ಅಂಚೆ. ತಂಗುದಾಣಗಳನ್ನು ಬಿಟ್ಟುಬಿಡುವುದಕ್ಕೆ ಕೊಡಬೇಕಾದ ಬೆಲೆಯೇನೆಂಬುದನ್ನು ಈ ಯಾನಗಳು ಮೊದಲ ಬಾರಿಗೆ ತೋರಿಸಿಕೊಟ್ಟವು.

ಯುದ್ಧಾನಂತರ, ೧೯೪೭ರ ಡಿಸೆಂಬರ್ ೧ರಂದು, ಕ್ವಾಂಟಾಸ್ ಸಂಸ್ಥೆಯ ಕಾನ್‌ಸ್ಟಲೇಷನ್ ವಿಮಾನ ೨೯ ಪ್ರಯಾಣಿಕರನ್ನೂ ೧೧ ಮಂದಿ ಸಿಬ್ಬಂದಿಯನ್ನೂ ಹೊತ್ತು ಸಿಡ್ನಿಯಿಂದ ಲಂಡನ್ನಿಗೆ ಹೊರಟಿತು. ಡಾರ್ವಿನ್, ಸಿಂಗಪುರ, ಕಲ್ಕತ್ತ, ಕರಾಚಿ, ಕೈರೋ, ಟ್ರಿಪೊಲಿ ಇವು ಅದರ ತಂಗುದಾಣಗಳು. ಪ್ರಯಾಣ ನಾಲ್ಕು ದಿನ. ಅದರಲ್ಲಿ ಹಾರಾಟದ ಅವಧಿ ಸುಮಾರು ೫೫ ಗಂಟೆ. ಸಾಮ್ರಾಜ್ಯದ ಕಾಲದಲ್ಲಿ ಒಂದೇ ಆಡಳಿತದ ಕೆಳಗಿದ್ದ ಕಲ್ಕತ್ತ ಮತ್ತು ಕರಾಚಿಗಳು ಆ ವೇಳೆಗೆ ಎರಡು ಸ್ವತಂತ್ರ ರಾಷ್ಟ್ರಗಳಿಗೆ ಸೇರಿದ್ದುವು. ಹಳೆಯ ಸಾಮ್ರಾಜ್ಯದ ಮಾರ್ಗ ಹೊಸ ರಾಷ್ಟ್ರಗಳ ಅನುಮತಿಯ ಮೇಲೆ ನಿಲ್ಲಬೇಕಾದ ಕಾಲ ಹೀಗೆ ಪ್ರಾರಂಭವಾಯಿತು.

೫. ತಂಗುದಾಣಗಳ ಲೋಪ: ೧೯೫೯–೨೦೧೯

ಮುಂದಿನ ಘಟ್ಟವನ್ನು ಸಂಕ್ಷೇಪವಾಗಿ ಹೇಳಬಹುದು. ೧೯೫೯ರಲ್ಲಿ ಜೆಟ್ ವಿಮಾನಗಳು ಈ ಮಾರ್ಗಕ್ಕೆ ಬಂದ ಮೇಲೆ ನಾಲ್ಕು ದಿನಗಳ ಪ್ರಯಾಣ ಒಂದೂವರೆ ದಿನದಷ್ಟಾಯಿತು. ವಿಮಾನಗಳ ವ್ಯಾಪ್ತಿ ಬೆಳೆದಂತೆ ತಂಗುದಾಣಗಳು ಒಂದೊಂದಾಗಿ ಕಳಚಿಕೊಂಡುವು. ಅಲಹಾಬಾದ್, ಕಲ್ಕತ್ತ, ಕರಾಚಿಗಳು ಈ ಮಾರ್ಗದ ಪಟ್ಟಿಯಿಂದ ಕಣ್ಮರೆಯಾದುವು. ೧೯೮೯ರ ಆಗಸ್ಟಿನಲ್ಲಿ ಕ್ವಾಂಟಾಸಿನ ಬೋಯಿಂಗ್ ೭೪೭-೪೦೦ ವಿಮಾನ ಲಂಡನ್ನಿನಿಂದ ಸಿಡ್ನಿಗೆ ಎಲ್ಲಿಯೂ ಇಳಿಯದೆ ೨೦ ಗಂಟೆ ೯ ನಿಮಿಷಗಳಲ್ಲಿ ಬಂದಿತು. ಆದರೆ ಅದರಲ್ಲಿದ್ದವರು ೨೩ ಮಂದಿ ಮಾತ್ರ. ಇಂಧನವನ್ನು ಉಳಿಸುವ ಸಲುವಾಗಿ ವಿಮಾನವನ್ನು ಓಡುದಾರಿಯವರೆಗೆ ಎಳೆದುಕೊಂಡು ಹೋಗಲಾಗಿತ್ತು. ೨೦೧೮ರ ಮಾರ್ಚಿಯಲ್ಲಿ ಪರ್ತ್ ಮತ್ತು ಲಂಡನ್‌ಗಳ ನಡುವೆ ೧೪,೪೯೮ ಕಿಲೋಮೀಟರುಗಳ ತಡೆರಹಿತ ಸೇವೆ ಆರಂಭವಾಯಿತು. ೨೦೧೯ರ ನವೆಂಬರಿನಲ್ಲಿ ಸಂಶೋಧನೆಯ ಸಲುವಾಗಿ ನಡೆದ ಲಂಡನ್–ಸಿಡ್ನಿ ಯಾನ ಸುಮಾರು ೧೭,೮೦೦ ಕಿಲೋಮೀಟರುಗಳನ್ನು ೧೯ ಗಂಟೆ ೧೯ ನಿಮಿಷಗಳಲ್ಲಿ ಕ್ರಮಿಸಿತು. ಅದರಲ್ಲಿಯೂ ಇದ್ದವರು ಐವತ್ತರಷ್ಟು ಮಂದಿ. ಮೂವರು, ಇಪ್ಪತ್ತಮೂವರು, ಐವತ್ತು ಮಂದಿ: ತಡೆಯಿಲ್ಲದ ದೂರವನ್ನು ಗೆಲ್ಲುವುದೆಂದರೆ ಮನುಷ್ಯರ ಸ್ಥಳವನ್ನು ಇಂಧನಕ್ಕೆ ಬಿಟ್ಟುಕೊಡುವುದೆಂಬ ೧೯೪೩ರ ಪಾಠ ಇಲ್ಲಿಯೂ ಅನ್ವಯಿಸುತ್ತದೆ. ಈ ಯೋಜನೆಗೆ ‘ಸನ್‌ರೈಸ್’ ಎಂದು ಹೆಸರಿಟ್ಟುದು ಆ ಯುದ್ಧಕಾಲದ ಯಾನಗಳ ಸ್ಮರಣೆಗಾಗಿಯೇ.

ಈಗ ೧೯೧೯ ಮತ್ತು ೨೦೧೯ರ ಯಾನಗಳನ್ನು ಹೋಲಿಸಿ ನೋಡೋಣ. ಮೊದಲನೆಯದರ ಗುರಿ ಡಾರ್ವಿನ್, ಎರಡನೆಯದರ ಗುರಿ ಸಿಡ್ನಿ. ಆದರೆ ಹಾರಿದ ದೂರ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಹೋಲಿಕೆಗೆ ಅಡ್ಡಿಯಿಲ್ಲ. ಹಾರಾಟದ ಸರಾಸರಿ ವೇಗ ೧೯೧೯ರಲ್ಲಿ ಗಂಟೆಗೆ ಸುಮಾರು ೧೩೩ ಕಿಲೋಮೀಟರು, ೨೦೧೯ರಲ್ಲಿ ಸುಮಾರು ೯೨೦ ಕಿಲೋಮೀಟರು. ಎಂದರೆ ವೇಗ ಏಳು ಪಟ್ಟಿನಷ್ಟು ಹೆಚ್ಚಿತು. ಆದರೆ ಪ್ರಯಾಣದ ಒಟ್ಟು ಕಾಲ ೬೬೮ ಗಂಟೆಗಳಿಂದ ೧೯ ಗಂಟೆಗಳಿಗೆ, ಎಂದರೆ ಮೂವತ್ತನಾಲ್ಕನೆಯ ಒಂದು ಭಾಗಕ್ಕೆ, ಇಳಿಯಿತು. ವೇಗದಿಂದ ಲಭಿಸಿದ್ದು ಏಳು ಪಟ್ಟಾದರೆ, ಉಳಿದ ಐದು ಪಟ್ಟು ಎಲ್ಲಿಂದ ಬಂದಿತು? ನೆಲದ ಮೇಲೆ ಕಾಯುವ ಕಾಲ ಇಲ್ಲವಾದುದರಿಂದ ಬಂದಿತು. ೧೯೪೭ರ ಯಾನ ಈ ಎರಡರ ನಡುವಣ ಮೆಟ್ಟಿಲು: ಅಲ್ಲಿ ಒಟ್ಟು ಕಾಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಆಕಾಶದಲ್ಲಿ ಕಳೆಯಿತು. ಹೀಗಿರಲು, ವಿಮಾನಯಾನದ ಇತಿಹಾಸವನ್ನು ವೇಗದ ಇತಿಹಾಸವೆಂದು ಮಾತ್ರ ಬರೆಯುವುದು ಅರ್ಧ ಚರಿತ್ರೆಯನ್ನು ಬರೆದಂತೆ. ಉಳಿದರ್ಧ ತಂಗುದಾಣಗಳ ಇತಿಹಾಸ.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸಿದ್ಧಿಸುತ್ತವೆಂದು ನಮ್ಮ ಭಾವನೆ. ಒಂದು, ವಿಮಾನಮಾರ್ಗದ ದೂರವು ಭೂಪಟದ ದೂರವಲ್ಲ. ಅದು ಇಂಧನ, ನೆಲ, ಅನುಮತಿ ಈ ಮೂರರಿಂದ ನಿರ್ಣಯವಾಗುವ ದೂರ. ಎರಡು, ಪ್ರಯಾಣದ ಕಾಲವನ್ನು ಹೇಳುವಾಗ ಹಾರಾಟದ ಕಾಲವನ್ನೂ ಒಟ್ಟು ಕಾಲವನ್ನೂ ಪ್ರತ್ಯೇಕಿಸದಿದ್ದರೆ ಹೋಲಿಕೆಗಳು ದಾರಿ ತಪ್ಪಿಸುತ್ತವೆ. ಮೂರು, ಒಮ್ಮೆ ಗೆದ್ದ ದೂರ ಶಾಶ್ವತವಾಗಿ ಗೆದ್ದುದಾಗುವುದಿಲ್ಲ.

ಈ ಮೂರನೆಯ ಅಂಶಕ್ಕೆ ಇತ್ತೀಚಿನ ನಿದರ್ಶನಗಳೇ ಇವೆ. ಲಂಡನ್–ಸಿಡ್ನಿಗಳ ಅತಿ ಕಿರಿದಾದ ರೇಖೆ ರಷ್ಯಾದ ಮೇಲೆ ಹಾದುಹೋಗುತ್ತದೆ. ಉಕ್ರೇನಿನ ಯುದ್ಧದ ಪರಿಣಾಮವಾಗಿ ೨೦೨೨ರ ಫೆಬ್ರುವರಿಯಲ್ಲಿ ಆ ಆಕಾಶ ಬ್ರಿಟಿಷ್ ವಿಮಾನಗಳಿಗೆ ಮುಚ್ಚಿತು. ೨೦೨೪ರ ಏಪ್ರಿಲಿನಲ್ಲಿ ಇರಾನಿನ ಆಕಾಶವನ್ನು ತಪ್ಪಿಸಿ ಹಾರಬೇಕಾದಾಗ, ಪರ್ತ್‌ನಿಂದ ಲಂಡನ್ನಿಗೆ ಹೋಗುವ ತಡೆರಹಿತ ವಿಮಾನಕ್ಕೆ ಬಳಸುದಾರಿಗೆ ಸಾಲುವಷ್ಟು ಇಂಧನವನ್ನು ಒಯ್ಯಲಾಗದೆ ಅದು ಕೆಲವು ಕಾಲ ಸಿಂಗಪುರದಲ್ಲಿ ಇಳಿದು ಹೋಗಬೇಕಾಯಿತು. ಲಂಡನ್ನಿನಿಂದ ಮರಳುವ ವಿಮಾನಕ್ಕೆ ಹಿಂಗಾಳಿಯ ನೆರವಿದ್ದುದರಿಂದ ಈ ತೊಂದರೆ ಬರಲಿಲ್ಲ. ೧೯೩೨ರಲ್ಲಿ ಪರ್ಷಿಯಾದ ಕರಾವಳಿಯಿಂದ ಶಾರ್ಜಾಕ್ಕೆ ಸರಿದ ಮಾರ್ಗವನ್ನು ಬಲ್ಲ ಓದುಗರಿಗೆ ಇದು ಹೊಸ ಸಂಗತಿಯಾಗಿ ತೋರಲಾರದು. ತೊಂಬತ್ತೆರಡು ವರ್ಷಗಳ ಯಂತ್ರಪ್ರಗತಿಯ ಬಳಿಕವೂ ಅದೇ ದೇಶದ ಆಕಾಶ ಅದೇ ದಾರಿಯನ್ನು ಬಾಗಿಸಿತು.

ಕೊನೆಯದಾಗಿ ಒಂದು ಸೂಚನೆ. ಮಹಾನಗರಗಳ ನಡುವಣ ಮಾರ್ಗಗಳನ್ನು ಆರಂಭ ಮತ್ತು ಅಂತ್ಯಗಳ ಹೆಸರಿನಿಂದಲೇ ಕರೆಯುವುದು ರೂಢಿ. ನಡುವಣ ಊರುಗಳು ಆ ಹೆಸರಿನಲ್ಲಿ ಸೇರುವುದಿಲ್ಲ. ಸುರಬಯದ ಬಿದಿರು ಚಾಪೆ, ಅಹಮದಾಬಾದಿನ ಎತ್ತಿನ ಗಾಡಿ, ರಾಜಸಮಂದದ ಕೆರೆ, ಬಳ್ಳಾರಿಯ ಮೈದಾನ ಇವು ಲಂಡನ್ನಿನ ಅಥವಾ ಸಿಡ್ನಿಯ ಇತಿಹಾಸದಲ್ಲಿ ಅಡಿಟಿಪ್ಪಣಿಗಳಾಗಬಹುದು. ಆದರೆ ಆಯಾ ಊರುಗಳ ಇತಿಹಾಸದಲ್ಲಿ ಅವು ಅಧ್ಯಾಯಗಳಾಗಲು ಅರ್ಹವಾದುವು. ಸ್ಥಳೀಯ ಇತಿಹಾಸದಲ್ಲಿ ಆಸಕ್ತರಾದ ನಮ್ಮ ವಿದ್ಯಾರ್ಥಿಗಳು ಕೋಟೆ, ದೇವಾಲಯ, ಶಾಸನಗಳ ಜೊತೆಗೆ ಅಂಚೆಯ ದಾರಿ, ಇಳಿದಾಣ, ಪೆಟ್ರೋಲಿನ ಉಗ್ರಾಣಗಳ ಕಡೆಗೂ ಗಮನ ಹರಿಸಿದರೆ, ಲೋಕದ ದೂರ ಕಡಿಮೆಯಾದ ಬಗೆಯಲ್ಲಿ ತಮ್ಮ ಊರಿನ ಪಾಲೆಷ್ಟೆಂಬುದು ಅವರಿಗೆ ವಿದಿತವಾದೀತು.